ನೆಲದ ಮೇಲಿನ ನಕ್ಷೆ

ಹಳೆಯ ಬ್ಯಾಗಿನ ತಳದಲ್ಲಿ ಬೆರಳುದ್ದದ ಸೀಮೆಸುಣ್ಣ ಸಿಕ್ಕಿತು. ಒಂದು ಬದಿಗೆ ಗ್ರೀಸ್ ಹತ್ತಿ ಕಪ್ಪಾಗಿತ್ತು. ಮೂಸಿದೆ. ಸುಟ್ಟ ಕಬ್ಬಿಣದ ವಾಸನೆ ಇನ್ನೂ ಇತ್ತು... ಮಾನ್ವಿಯ ಮೇಸ್ತ್ರಿ ಎದುರಿಗೆ ಬಂದು ನಿಂತಂತಾಯಿತು.

ಮೇವು ಕತ್ತರಿಸುವ ಯಂತ್ರ ಮಾಡುವ ವರ್ಕ್‌ಶಾಪಿಗೆ ಅವರು ಹಿರಿಯ ಮೇಸ್ತ್ರಿ. ನಾನು ರಾಯಚೂರಿನ ಕಚೇರಿಯಲ್ಲಿ ಕುಳಿತು ಅವರಿಗೆ ನಕ್ಷೆ ಬರೆದುಕೊಡುತ್ತಿದ್ದೆ. ನಕ್ಷೆ ಇದ್ದದ್ದು ಕ್ಲೌಡ್‌ನಲ್ಲಿ. ನಾನಿಲ್ಲಿ ಗೆರೆ ಸರಿಸಿದರೆ ಆ ಕ್ಷಣವೇ ಮಾನ್ವಿಯ ಮೊಬೈಲಿನಲ್ಲೂ ಸರಿಯುತ್ತಿತ್ತು. ಮೇಸ್ತ್ರಿ ಮಾತ್ರ ಅದನ್ನು ಒಮ್ಮೆ ನೋಡಿ, ವರ್ಕ್‌ಶಾಪಿನ ನೆಲದ ಮೇಲೆ ಸೀಮೆಸುಣ್ಣದಿಂದ ಪೂರ್ತಿ ಅಳತೆಯಲ್ಲಿ ಬರೆದುಕೊಂಡೇ ತಗಡು ಕತ್ತರಿಸುತ್ತಿದ್ದರು.

"ಪರದಿ ಮ್ಯಾಲಿನ ಗೀಟು ಓಡಾಡ್ತದ ತಮ್ಮಾ, ನೆಲದ ಗೀಟು ಓಡಾಡಂಗಿಲ್ಲ. ಏನರ ಬದಲ್ ಮಾಡಿದ್ರ ಫೋನ್ ಹಚ್ಚು."

ಹಚ್ಚುತ್ತಿದ್ದೆ. ಡೈರಿಯಲ್ಲಿ ಒಂದೊಂದು ಯಂತ್ರಕ್ಕೆ ಒಂದೊಂದು ಪುಟ, ಪುಟಕ್ಕೆ ಎರಡು ಸಾಲು ಮಾಡಿಕೊಂಡಿದ್ದೆ: ಬದಲಾವಣೆ ಎಷ್ಟು, ಫೋನ್ ಎಷ್ಟು.

ಅವರ ಸಿಟ್ಟಿಗೆ ಎಲ್ಲರೂ ಹೆದರುತ್ತಿದ್ದರು. ಅಳತೆ ತಪ್ಪಿದ ತುಂಡನ್ನು ಸುತ್ತಿಗೆಯಿಂದ ಜಜ್ಜಿ ಗೋಡೆಗೆ ಬೀಸಿ ಒಗೆಯುತ್ತಿದ್ದರು. ಒಮ್ಮೆ ಅವರು ಎಸೆದ ಸ್ಪ್ಯಾನರ್ ನನ್ನ ಕಿವಿ ಪಕ್ಕದಲ್ಲೇ ಹಾದುಹೋಯಿತು. "ತಪ್ಪಿದ ಕಬ್ಬಿಣ ಯಾರದರ ಕೈ ತಿಂತದ. ಅದಕ್ಕಿಂತ ಮೊದಲ ನಾವ ಅದನ್ನ ಹೊಡೆದ ಸಾಯಿಸಬೇಕು" ಎನ್ನುತ್ತಿದ್ದರು.

ಒಂದು ಮಂಗಳವಾರ ಮಧ್ಯಾಹ್ನ, ಮೇವು ಒಳಗೆ ತಳ್ಳುವ ತಗಡಿನ ದೋಣಿಯನ್ನು ಒಂದು ಗೇಣು ಉದ್ದ ಮಾಡಿದೆ. ಮೇವನ್ನು ಎಳೆದುಕೊಳ್ಳುವ ಉರುಳೆಗಳವರೆಗೆ ಕೈ ತಲುಪಬಾರದೆಂದು. ಊಟದ ಹೊತ್ತಾಗಿತ್ತು. ಮೊಬೈಲಿನಲ್ಲಿ ಕಂಡೇ ಕಾಣುತ್ತದಲ್ಲ ಎಂದುಕೊಂಡೆ. ಫೋನ್ ಮಾಡಲಿಲ್ಲ.

ಗುರುವಾರ ಯಂತ್ರದ ಪರೀಕ್ಷೆಗೆ ಮಾನ್ವಿಗೆ ಹೋದೆ. ಮೇಸ್ತ್ರಿ ಜೋಳದ ದಂಟು ಹಿಡಿದು ನಿಂತಿದ್ದರು, ಯಂತ್ರ ಓಡುತ್ತಿತ್ತು. ದೋಣಿ ಗಿಡ್ಡ ಅನ್ನಿಸಿತು. ಆಗಲೇ ಕೂಗಬೇಕಿತ್ತು. ನಾನು ಜೇಬಿನಿಂದ ಅಳತೆಯ ಟೇಪು ತೆಗೆದೆ...

ಅದರ ತುದಿ ಬಿಚ್ಚುವಷ್ಟರಲ್ಲಿ ಉರುಳೆಗಳು ದಂಟಿನ ಜೊತೆ ಕೈಯನ್ನೂ ಎಳೆದುಕೊಂಡಿದ್ದವು. ಎಲುಬು ಮುರಿಯುವ ಸದ್ದು ದಂಟು ಮುರಿಯುವ ಸದ್ದಿನಂತೆಯೇ ಇತ್ತು. ಸ್ವಿಚ್ ಆರಿಸುವ ಹೊತ್ತಿಗೆ ಮೊಣಕೈ ಒಳಗಿತ್ತು. ನೆಲದ ಮೇಲಿನ ಬಿಳಿ ಗೆರೆಗಳ ಮೇಲೆ ರಕ್ತ ಹರಿಯಿತು. ಅವು ಸೋಮವಾರವೇ ಬರೆದ ಗೆರೆಗಳು.

ರಾಯಚೂರಿನ ಆಸ್ಪತ್ರೆಯಲ್ಲಿ ಮಂಚದ ಹತ್ತಿರ ಹೋದಾಗ, ಉಳಿದ ಎಡಗೈಯಿಂದ ನನ್ನ ಕೆನ್ನೆಗೆ ಬಾರಿಸಿದರು. ಬಾಯಲ್ಲಿ ರಕ್ತದ ರುಚಿ ಬಂತು.

"ಫೋನ್ ಯಾಕ ಹಚ್ಚಲಿಲ್ಲಲೇ?"

ಅಷ್ಟರಲ್ಲಿ ಮಾಲೀಕರು ಬಂದು, ತಪ್ಪು ಯಾರದೆಂದು ಕೇಳಿದರು. ಮೇಸ್ತ್ರಿ ನನ್ನತ್ತ ನೋಡದೆ, "ಗೀಟು ಹಾಕಿದಾಂವ ನಾನು. ತಪ್ಪು ನಂದ್ರೀ" ಎಂದರು. ಉರಿಯುವ ಕೆನ್ನೆ ಹಿಡಿದುಕೊಂಡು ನಾನು ಮಾಲೀಕರ ಹಿಂದೆ ಹೊರಗೆ ನಡೆದೆ.

ಗಾಯ ನಂಜಾಯಿತು. ಹನ್ನೊಂದನೆಯ ದಿನ ಹೋಗಿಬಿಟ್ಟರು. ದೇವದುರ್ಗದಾಚೆ, ಗೂಗಲ್ ಎಂಬ ಅವರ ಹಳ್ಳಿಯಲ್ಲಿ, ಹೊಳೆ ದಂಡೆಯ ಹೊಲದಲ್ಲಿ ಮಣ್ಣು ಮಾಡಿದರಂತೆ. ನಾನು ಮಣ್ಣಿಗೆ ಹೋಗಲಿಲ್ಲ. ಅವರ ಮನೆಯವರ ಮುಖ ನೋಡಲು ಧೈರ್ಯವಾಗಲಿಲ್ಲ.

ಈಗ ಮಾನ್ವಿಯಲ್ಲಿ ಬೇರೆ ಮೇಸ್ತ್ರಿ ಇದ್ದಾರೆ. ಇವತ್ತು ಒಂದು ತೂತಿನ ಅಳತೆ ಬದಲಿಸಿ ಫೋನ್ ಮಾಡಿದೆ. "ಮೊಬೈಲ್ದಾಗ ಕಾಣಾಕತ್ತದ ಬಿಡ್ರೀ ಸರ್, ದಿನಾ ಯಾಕ ತಲಿ ತಿಂತೀರಿ?" ಎಂದು ನಕ್ಕರು. ಮೊಬೈಲ್ ಬಿಟ್ಟು ನೆಲದ ಮೇಲಿನ ಗೆರೆ ನೋಡಲು ಹೇಳಿದೆ.

ಡೈರಿ ತೆಗೆದು ಬರೆದುಕೊಂಡೆ. ಆ ಯಂತ್ರದ ಪುಟವೂ ಕಣ್ಣಿಗೆ ಬಿತ್ತು. ಬದಲಾವಣೆ ಮೂವತ್ತೆಂಟು. ಫೋನ್ ಮೂವತ್ತೇಳು.