ಬಳೆ ತೆಗೆದ ತೊಟ್ಟಿಲು

ಹಳಿಯಾಳದ ಕಟ್ಟಿಗೆ ಕಾರಖಾನೆಯಲ್ಲಿ ಪರಸಪ್ಪ ಬಡಿಗೇರನಷ್ಟು ಚುರುಕು ತಲೆಯ ಮಿಸ್ತ್ರಿ ಇನ್ನೊಬ್ಬನಿರಲಿಲ್ಲ. ಇದನ್ನು ಊರಿಗಿಂತ ಹೆಚ್ಚಾಗಿ ಅವನೇ ಹೇಳಿಕೊಳ್ಳುತ್ತಿದ್ದನೆನ್ನಿ. ಯಾವ ಸಾಮಾನು ಕೈಗೆ ಬಂದರೂ ಬಿಚ್ಚಿ ನೆಲದ ಮೇಲೆ ಹರಡುವನು. ಒಂದೊಂದೇ ತುಂಡನ್ನು ಎತ್ತಿ ಹಿಡಿದು ಕೇಳುವನು: "ಇದು ಇಲ್ಲದಿದ್ರ ಏನ್ ಕೆಡತೈತಿ?" ಉತ್ತರ ಸಿಗದ ತುಂಡು ಮೂಲೆ ಸೇರುತ್ತಿತ್ತು.

ಅರವತ್ತೊಂದನೇ ಇಸವಿಯ ಸುಮಾರಿಗೆ ದಾಂಡೇಲಿಯ ಕಾಗದ ಗಿರಣಿಯ ಕೆಲಸಕ್ಕೆ ಬಂದ ಹೊಸ ಸಂಸಾರಗಳಿಂದ ತೊಟ್ಟಿಲಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಹಳೆಯ ನಮೂನೆಯದಕ್ಕೆ ಆರು ದಿನ ಬೇಕು. ಪರಸಪ್ಪ ಅದನ್ನೂ ಬಿಚ್ಚಿ ಹರಡಿದ. ಹದಿನೇಳು ಬಗೆಯ ತುಂಡುಗಳು ಐದಕ್ಕಿಳಿದವು. ಕಾಲು ನಾಲ್ಕೂ ಒಂದೇ ಅಳತೆ, ಸುತ್ತಲಿನ ಕಂಬಿಗಳೆಲ್ಲ ಒಂದೇ ಅಚ್ಚು. ಕೊನೆಗೆ ಉಳಿದದ್ದು ಮರದ ಬಳೆಗಳು. ಕಂಬಿ ಕಡೆಯುವಾಗ ಅದೇ ಮರದಿಂದ ಬಿಡಿಸಿದ ಬಳೆ ಅದರ ಸುತ್ತ ಸಡಿಲವಾಗಿ ಆಡುತ್ತದೆ, ಕಳಚಿ ಬರುವುದಿಲ್ಲ. ಎರಡು ದಿನ ಅದಕ್ಕೇ ಹೋಗುತ್ತಿತ್ತು.

"ಬರೇ ಚಂದಕ್ಕ ಇಟ್ಟಾರ," ಎಂದು ಪರಸಪ್ಪ ಬಳೆಗಳನ್ನೂ ತೆಗೆದುಹಾಕಿದ. ಆರು ದಿನದ ಕೆಲಸ ಒಂದೂವರೆ ದಿನಕ್ಕೆ ಬಂತು, ಬೆಲೆ ಅರ್ಧವಾಯಿತು. ಮಾಲಕರು ಬೆನ್ನು ತಟ್ಟಿದರು.

ಮೊದಲ ತೊಟ್ಟಿಲನ್ನು ಅವನು ದಾಂಡೇಲಿಯಲ್ಲಿದ್ದ ಮಗಳು ದುರ್ಗವ್ವನಿಗೆ ತಾನೇ ಒಯ್ದು ಕೊಟ್ಟ. ಮೊಮ್ಮಗಳು ಹನ್ನೊಂದು ತಿಂಗಳು ಅದರಲ್ಲಿ ಮಲಗಿದಳು. ಒಂದು ಮುಂಜಾನೆ ದುರ್ಗವ್ವ ಒಲೆಯ ಮುಂದಿದ್ದಾಗ ಕೂಸು ಎಚ್ಚರಾಯಿತು, ಕಂಬಿ ಹಿಡಿದು ಕೆಳಗಿಳಿಯಿತು, ಅಂಬೆಗಾಲಿಡುತ್ತ ಹಿತ್ತಲಿಗೆ ಹೋಯಿತು. ಒಂದು ಸಪ್ಪಳವಾಗಲಿಲ್ಲ. ಹಿತ್ತಲಲ್ಲಿ ನೆಲಮಟ್ಟದ ನೀರಿನ ಟಾಕಿ ತೆರೆದಿತ್ತು.

ಮಣ್ಣು ಮಾಡಿ ಬಂದ ಮೇಲೆ ದುರ್ಗವ್ವ ತಂದೆಯ ಹತ್ತಿರ ಕೂತಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ತಮ್ಮ ಸಣ್ಣಾಂವಿದ್ದಾಗ ತೊಟ್ಟಿಲಿನ ಬಳೆ ಟಕಟಕ ಅಂದ್ರ ಅವ್ವ ಅಡಗಿಮನ್ಯಾಗಿಂದ ಓಡಿ ಬರ್ತಿದ್ಲು. ನಾನೂ ಆ ಸಪ್ಪಳಾ ಬರತೈತಿ ಅಂತ ಕುಂತಿದ್ನೇನೋ, ಅಪ್ಪಾ."

ನಲವತ್ತು ವರ್ಷ ಬಳೆ ಕಡೆದ ಪರಸಪ್ಪ ಒಂದು ದಿನವೂ ಒಲೆಯ ಮುಂದೆ ಕೂತು ಅದನ್ನು ಕೇಳಿರಲಿಲ್ಲ. ಮನೆಯ ಹೆಂಗಸರನ್ನು ಕೇಳಬೇಕಾದದ್ದನ್ನು ಮರದ ತುಂಡನ್ನು ಕೇಳಿದ್ದ.

ಆಮೇಲೆ ಕಾರಖಾನೆಯಲ್ಲಿ ಮಶಿನ್ ನಿಂತಾಗೆಲ್ಲ ಅವನಿಗೆ ಟಕಟಕ ಕೇಳತೊಡಗಿತು. ಬಳೆ ಹಾಕೋಣವೆಂದರೆ ಮಾಲಕರು ಒಪ್ಪಲಿಲ್ಲ. ಪರಸಪ್ಪ ಕೆಲಸ ಬಿಟ್ಟು, ಮನೆಯಲ್ಲೇ ಬಳೆಯ ಕಂಬಿಗಳನ್ನು ಕಡೆದ. ಅವನ್ನು ಹೆಗಲ ಮೇಲೆ ಹೊತ್ತು ತೊಟ್ಟಿಲು ಮಾರಿದ್ದ ಮನೆಮನೆಗೂ ಅಲೆದ. ಅಚ್ಚು ಒಂದೇ ಆದ್ದರಿಂದ ಯಾವ ತೊಟ್ಟಿಲಿಗಾದರೂ ಕೂಡುತ್ತಿದ್ದವು. ದುಡ್ಡು ಕೊಡಬಂದವರಿಗೆ ಕೈಮುಗಿದು ಮುಂದಿನ ಮನೆಗೆ ಹೋಗುತ್ತಿದ್ದ.

ಮಗಳ ಮನೆಗೆ ಮಾತ್ರ ಎಲ್ಲಕ್ಕಿಂತ ಕೊನೆಗೆ ಹೋದ. ಆಗ ದುರ್ಗವ್ವನಿಗೆ ಮತ್ತೆ ಐದು ತಿಂಗಳಾಗಿತ್ತು. ಕಂಬಿ ಕೂಡಿಸಿ ಮುಗಿಸಿದ ಮೇಲೆ ಇಬ್ಬರೂ ಅಡುಗೆಮನೆಯಲ್ಲಿ ಊಟಕ್ಕೆ ಕೂತರು. ಗಾಳಿಯಿಲ್ಲದ ಮಧ್ಯಾಹ್ನ. ನಡುಮನೆಯಿಂದ ಟಕ್ ಎಂದಿತು, ಮತ್ತೊಮ್ಮೆ ಟಕ್ ಟಕ್.

ದುರ್ಗವ್ವ ತುತ್ತು ಎತ್ತಿದ ಕೈಯನ್ನು ಹಾಗೇ ಹಿಡಿದಳು.

"ಎದ್ದಾಳ ನೋಡ, ಅಪ್ಪಾ."

ಪರಸಪ್ಪ ಎದ್ದು ಹೋದ. ತೊಟ್ಟಿಲು ಖಾಲಿಯಿತ್ತು. ಅವನು ಹಿತ್ತಲ ಬಾಗಿಲು ಹಾಕಿ, ಅಗಳಿ ಜಡಿದು ಬಂದ.