ಒಗ್ಗರಣೆ ಇಲ್ಲದ ಹೇರಳೆಕಾಯಿ ಗೊಜ್ಜು

ಮಸ್ಕತ್ತಿನ ತರಕಾರಿ ಮಾರುಕಟ್ಟೆಯಲ್ಲಿ ಹೇರಳೆಕಾಯಿ ಕಂಡಾಗ ಅಕ್ಕ ಇನ್ನೂ ಇದ್ದಾಳೆಂದೇ ನಾನು ತಿಳಿದಿದ್ದೆ. ಅದು ನಮ್ಮ ಹೇರಳೆಯೇ ಹೌದೋ ಅಲ್ಲವೋ ಹೇಳಲಾರೆ. ಇಲ್ಲಿಯವರು ಬೇರೇನೋ ಹೆಸರು ಹೇಳುತ್ತಾರೆ. ದಪ್ಪ ಸಿಪ್ಪೆ, ಗಂಟುಗಂಟು ಮೈ. ಉಗುರಿನಿಂದ ಗೀರಿದರೆ ಅದೇ ವಾಸನೆ. ಮನೆಗೆ ತಂದೆ.

ನಾನು ಶಿಕಾರಿಪುರದಲ್ಲಿ ಬೆಳೆದವಳು. ನಮ್ಮ ಮನೆಯಲ್ಲಿ ಹುಳಿ ಎಂದರೆ ಹುಣಸೆಹಣ್ಣು. ಅಕ್ಕನನ್ನು ಸೊರಬಕ್ಕೆ ಕೊಟ್ಟ ಮೇಲೆಯೇ ಹೇರಳೆಕಾಯಿ ಗೊಜ್ಜು ತಿಂದದ್ದು. ಮೊದಲ ಸಲ ನಾನೇ ಮಾಡಲು ಹೋಗಿ, ತೊಳೆಯ ಮೇಲಿನ ಬಿಳಿ ನಾರು ಬಿಡಿಸದೆ ಬೇಯಿಸಿಬಿಟ್ಟೆ. ಬಾಯಿಗಿಡಲಾಗದಷ್ಟು ಕಹಿ. "ಏನೇ ಬಯಲುಸೀಮೆಯವಳೇ, ಇದು ಗೊಜ್ಜೋ ಕಷಾಯವೋ?" ಎಂದು ಅಕ್ಕ ತಾನೇ ಮಲೆನಾಡಿನಲ್ಲಿ ಹುಟ್ಟಿದವಳ ಹಾಗೆ ನಕ್ಕಳು. "ನಿನ್ನ ಭಾವನಿಗೆ ಬಡಿಸು, ಇದ್ದ ಜ್ವರ ಎಲ್ಲ ಇಳೀತದೆ."

ಈ ಸಲ ನಾರು ಬಿಡಿಸುತ್ತ ಕೂತಿದ್ದಾಗ ಅಕ್ಕನ ಮಗಳ ಫೋನ್ ಬಂತು. "ಬೆಳಿಗ್ಗೆ ಅಮ್ಮ ಏಳಲೇ ಇಲ್ಲ ಚಿಕ್ಕಮ್ಮ. ಹೋಗಿಬಿಟ್ಟಳು."

ನನ್ನ ಪಾಸ್‌ಪೋರ್ಟ್ ವೀಸಾ ನವೀಕರಣಕ್ಕೆ ಹೋಗಿತ್ತು. ಹೊರಡುವಂತಿರಲಿಲ್ಲ. ಸಂಜೆ ಹೊತ್ತಿಗೆ ಅಲ್ಲಿ ಮಣ್ಣು ಮಾಡಿಯೂ ಆಗಿತ್ತು.

ನಮ್ಮ ಕಡೆ ಸಾವಾದ ಮನೆಯಲ್ಲಿ ಕಾರ್ಯ ಮುಗಿಯುವವರೆಗೆ ಒಗ್ಗರಣೆ ಹಾಕುವುದಿಲ್ಲ. ಆ ಮನೆಯಿಂದ ಸಾಸಿವೆ ಸಿಡಿದ ವಾಸನೆ ಬೀದಿಗೆ ಬರುವುದಿಲ್ಲ; ಅಕ್ಕಪಕ್ಕದವರೇ ಅನ್ನ, ಸಾರು ತಂದಿಡುತ್ತಾರೆ. ಇಲ್ಲಿ ನಮ್ಮ ಕಟ್ಟಡದಲ್ಲಿ ಯಾರಿಗೂ ಏನೂ ತಿಳಿಯಲಿಲ್ಲ. ಬಿಡಿಸಿಟ್ಟ ತೊಳೆ ಎಸೆಯಲು ಮನಸ್ಸಾಗದೆ ಉಪ್ಪು, ಬೆಲ್ಲ, ಖಾರ ಹಾಕಿ ಕುದಿಸಿ ಇಳಿಸಿದೆ. ಒಗ್ಗರಣೆ ಹಾಕಲಿಲ್ಲ.

ನನ್ನ ಗಂಡ ಏಸಿ ರಿಪೇರಿ ಕೆಲಸ ಮಾಡುತ್ತಾರೆ. ರಾತ್ರಿ ಊಟಕ್ಕೆ ಕೂತು ತಟ್ಟೆ ನೋಡಿದರು.

"ಇಲ್ಲಿ ಯಾರು ನೋಡ್ತಾರೆ ಮಾರಾಯ್ತಿ? ಅದೂ ಅಲ್ದೆ ನೀನು ಬೇರೆ ಮನೆಗೆ ಬಂದವಳು. ನಿನಗೆ ಇದೆಲ್ಲ ಇಲ್ಲ."

"ನೋಡೋರಿಗಲ್ಲ ರೀ," ಎಂದೆ.

ಅವರು ವಾದ ಮಾಡಲಿಲ್ಲ. ದಿನವೂ ಒಗ್ಗರಣೆ ಇಲ್ಲದ ಸಪ್ಪೆ ಸಾರನ್ನೇ ಉಂಡರು. ಒಂದು ದಿನ ಮಾತ್ರ, "ಹೋಟೆಲಲ್ಲಿ ಒಂದು ಪರೋಟ ತಿಂದ್ರೆ ನಿಮ್ಮಕ್ಕ ಬೈಯಲ್ವಲ್ಲ?" ಎಂದು ಕೇಳಿದರು. ನನಗೆ ನಗು ಬಂತು. ಆಮೇಲೆ ಅಳುವೂ.

ಕಾರ್ಯದ ದಿನ ಅಕ್ಕನ ಮಗಳು ಮತ್ತೆ ಫೋನ್ ಮಾಡಿದಳು. ಹಿಂದೆ ಪಾತ್ರೆಗಳ ಸದ್ದು, ಯಾರೋ ಬಾಳೆ ಎಲೆ ಸಾಲಲಿಲ್ಲ ಎಂದು ಕೂಗುತ್ತಿದ್ದರು.

"ಒಗ್ಗರಣೆ ಹಾಕಿದ್ವಿ ಚಿಕ್ಕಮ್ಮ. ನೀನೂ ಹಾಕಿಬಿಡು, ಆಯ್ತಾ?"

"ಹಾಕಿದೆ ಕಣೆ," ಎಂದೆ.

ಹಾಕಿರಲಿಲ್ಲ. ಅಲ್ಲಿ ಎಲ್ಲರೂ ಒಟ್ಟಿಗೆ ಕೂತು ಅತ್ತು, ಅವಳ ಬಗ್ಗೆ ಮಾತಾಡಿ, ಉಂಡು ಎದ್ದಿದ್ದರು. ನನಗೆ ಇನ್ನೂ ಶುರುವೇ ಆದ ಹಾಗಿರಲಿಲ್ಲ. ಮರುದಿನವೂ ಸಪ್ಪೆ ಸಾರನ್ನೇ ಮಾಡಿದೆ.