ಪಕೀರಮ್ಮನನ್ನು ಯಾರೂ ಗೂಡಿಗೆ ಹಾಕಲಿಲ್ಲ

ನನ್ನ ಬೆನ್ನಿನ ಎಕ್ಸ್‌ರೇಯನ್ನು ಬಳಗಾನೂರಿನ ಅರ್ಧ ಜನ ನೋಡಿದ್ದಾರೆ. ನನ್ನ ಕಿರಾಣಿ ಅಂಗಡಿಗೆ ಬಂದವರಿಗೆ ಬೆಲ್ಲ ತೂಗುವ ಮೊದಲು ಅದನ್ನು ಬೆಳಕಿಗೆ ಹಿಡಿದು ತೋರಿಸುತ್ತೇನೆ. ಹೀಗಾಗಿ ಮೂಟೆ ಎತ್ತೆಂದು ನನಗೆ ಯಾರೂ ಹೇಳುವುದಿಲ್ಲ. ಪಕ್ಕದ ಮನೆಯ ಪಕೀರಮ್ಮನಿಗೆ ಆ ಭಾಗ್ಯವಿರಲಿಲ್ಲ. ಮೈಯೆಲ್ಲ ನೋವು, ಎಕ್ಸ್‌ರೇಯಲ್ಲಿ ಏನೂ ಇಲ್ಲ.

ಆಕೆ ಭತ್ತ ನಾಟಿಯ ಹೆಣ್ಣಾಳುಗಳ ಗುಂಪಿಗೆ ಮುಂದಾಳು. ಗದ್ದೆಯಲ್ಲಿ ಎಲ್ಲರೂ ಸಾಲಾಗಿ ಹಿಂದಕ್ಕೆ ಸರಿಯುತ್ತ ಸಸಿ ಊರಬೇಕು. ನಿಧಾನವಾದವಳ ಸುತ್ತ ಉಳಿದವರು ಬೇಗಬೇಗ ಸಸಿ ಊರಿ, ಅವಳನ್ನು ನಡುವೆ ಸಿಕ್ಕಿಸಿ ನಗುತ್ತಾರೆ. ಅದಕ್ಕೆ ಗೂಡಿಗೆ ಹಾಕುವುದು ಎನ್ನುತ್ತಾರೆ. ಎಷ್ಟೋ ಹೊಸ ಸೊಸೆಯರನ್ನು ಗೂಡಿಗೆ ಹಾಕಿಯೇ ಪಕೀರಮ್ಮ ನಾಟಿ ಕಲಿಸಿದ್ದಳು.

ಆಮೇಲೆ ಈ ನೋವು. ಬೆಳಗ್ಗೆ ಎದ್ದರೆ ಮೈಯನ್ನು ಯಾರೋ ಒನಕೆಯಿಂದ ಕುಟ್ಟಿದ ಹಾಗೆ. ಸಿಂಧನೂರಿನಲ್ಲಿ ಇಂಜೆಕ್ಷನ್, ಲಿಂಗಸುಗೂರಿನಲ್ಲಿ ಸಲೈನ್, ಮಸ್ಕಿಯಲ್ಲಿ ತಾಯಿತ.

"ರಿಪೋರ್ಟಿನ್ಯಾಗ ಏನೂ ಇಲ್ಲ, ಇಕಿ ಬಾಯಾಗ ಎಲ್ಲಾ ಐತಿ," ಎಂದು ಗಂಡ ನರಸಣ್ಣ ಕಟ್ಟೆಯ ಮೇಲೆ ಜನರನ್ನು ನಗಿಸುತ್ತಿದ್ದ. ಹೋದ ನಾಟಿಯಲ್ಲಿ ಗುಂಪಿನವರೂ "ಮೈಗಳ್ಳಿ ಆಗ್ಯಾಳ" ಎಂದು ಆಕೆಯನ್ನು ಬಿಟ್ಟು ಹೋದರು.

ಕೊನೆಗೆ ಸಿಂಧನೂರಿಗೆ ಹೊಸದಾಗಿ ಬಂದ ಡಾಕ್ಟರಮ್ಮನ ಹತ್ತಿರ ನಾನೇ ಕರೆದೊಯ್ದೆ. ನನ್ನ ಎಕ್ಸ್‌ರೇಯನ್ನೂ ತೋರಿಸಿದ ಹಾಗಾಗುತ್ತದೆಂಬ ಆಸೆ. ಅವರು ಅದರ ಕಡೆ ತಿರುಗಿಯೂ ನೋಡಲಿಲ್ಲ. ಪಕೀರಮ್ಮನ ಕುತ್ತಿಗೆ, ಭುಜ, ಸೊಂಟ ಒತ್ತಿ ನೋಡಿದರು, ನಿದ್ದೆ ಹೇಗೆಂದು ಕೇಳಿದರು.

"ಇದು ಫೈಬ್ರೊಮಯಾಲ್ಜಿಯಾ. ನೋವು ಖರೇನ ಐತಮ್ಮ, ಎಕ್ಸ್‌ರೇದಾಗ ಕಾಣಂಗಿಲ್ಲ ಅಷ್ಟ."

ಪೂರ್ತಿ ಹೋಗುವುದು ಕಷ್ಟ ಎಂದರು. ರಾತ್ರಿ ಒಂದು ಮಾತ್ರೆ, ದಿನಾ ನಡಿಗೆ, ಕೆಲಸ ಸ್ವಲ್ಪ ಸ್ವಲ್ಪ.

"ಖರೇನ ಐತಿ ಅಂದ್ರಲ್ರೀ ಸಾವ್ಕಾರ್ರ?" ಬಸ್ಸು ಊರು ಮುಟ್ಟುವವರೆಗೂ ಆಕೆ ಇದನ್ನೇ ಕೇಳಿದಳು. ಓಣಿಗೆಲ್ಲ ರೋಗದ ಹೆಸರು ಹೇಳಿದಳು. ನಾಲಿಗೆ ತಿರುಗದಿದ್ದಾಗ ನನ್ನನ್ನು ಕರೆಯುವಳು, ನನಗೂ ತಿರುಗುತ್ತಿರಲಿಲ್ಲ. ಆಕೆಗೆ ಇದ್ದದ್ದು ಒಂದೇ ಆಸೆ: ಈ ಸಲ ಮತ್ತೆ ಸಾಲಿನಲ್ಲಿ ನಿಲ್ಲಬೇಕು.

ನಿಂತಳು. ಚಹಾಪುಡಿ ಕೊಡಲು ಹೋದವನು ನಾನು ಬದುವಿನ ಮೇಲೆ ಕುಳಿತು ನೋಡುತ್ತಿದ್ದೆ. ನೋವು ಕೊಂಚ ಇಳಿದಿತ್ತು, ಕೈಗೆ ಹಿಂದಿನ ಓಟವಿರಲಿಲ್ಲ. ಎಲ್ಲರೂ ಆಕೆಯನ್ನು ದಾಟಿ ಹಿಂದೆ ಸರಿದರು. ಪಕೀರಮ್ಮ ನಗಲು ಸಿದ್ಧಳಾಗಿಯೇ ತಿರುಗಿ ನೋಡಿದಳು. ಬೆನ್ನ ಹಿಂದೆ ಸಸಿ ಊರದೆ ಅಗಲವಾದ ದಾರಿ ಬಿಟ್ಟಿದ್ದರು.

"ಯಾಕಬೇ ಅಮರೇಶ್ವರಿ, ನನ್ನ ಗೂಡಿಗೆ ಹಾಕವಲ್ರಿ?"

ಅಮರೇಶ್ವರಿ ಆಕೆಯ ಕೈಯಲ್ಲೇ ನಾಟಿ ಕಲಿತವಳು.

"ಬ್ಯಾಡ ಯಕ್ಕಾ. ನಿನಗ ಖರೇನ ಆರಾಮಿಲ್ಲ. ಬದುವಿನ ಮ್ಯಾಲ ಕುಂದ್ರು, ನಿನ್ನ ಪಾಲಿಂದು ನಾವ ಹಚ್ತೀವಿ."

ಸಾಲಿನಲ್ಲಿ ಯಾರೂ ನಗಲಿಲ್ಲ. ಪಕೀರಮ್ಮ ಬಗ್ಗಿದಳು. ಒಂದೊಂದೇ ಸಸಿ ಊರುತ್ತ, ಅವರು ಬಿಟ್ಟ ದಾರಿಯನ್ನು ತಾನೇ ಮುಚ್ಚತೊಡಗಿದಳು.